ಅವ್ವನ ಮಾತು ಕಸೀಬ್ಯಾಡ್ರಿ, ಇಂಗ್ಲಿಷೂ ಬಿಡಬ್ಯಾಡ್ರಿ



ಕಳೆದ ಬೇಸಿಗೆಯಲ್ಲಿ ನಾವು ನಾಲ್ಕೈದು ಮಂದಿ ಸಭೆಗೆ ಜನರನ್ನು ಕರೆಯಲು ತಿಕೋಟಾದ ಕೇರಿಯೊಂದಕ್ಕೆ ಹೋಗಿದ್ದೆವು. ಒಂದು ಮನೆಯ ಕಟ್ಟೆಯ ಮೇಲೆ ಮೂರು ವರ್ಷದ ಹುಡುಗ ಕುಂತಿದ್ದ. ಅವನ ಅವ್ವ ದ್ರಾಕ್ಷಿ ಪಡದ ಕೂಲಿ ಮುಗಿಸಿಕೊಂಡು ಆಗಷ್ಟೇ ಬಂದಿದ್ದಳು. ಮಗನಿಗೆ ಆಕೆ ಆಡಿದ್ದು ನಾಲ್ಕೇ ಮಾತು: "ಕಮ್. ಸಿಟ್. ಈಟ್. ನೋ ಕ್ರೈ." ಮಗ ಕೋಳಿ ಮರಿಯ ಕಡೆ ಕೈ ಮಾಡಿ ಏನೋ ಕೇಳಿದ. ಆಕೆಗೆ ಇಂಗ್ಲಿಷಿನಲ್ಲಿ ಉತ್ತರ ಹೊಳೆಯಲಿಲ್ಲ. ಕನ್ನಡದಲ್ಲಿ ಹೇಳಲು ಹೆದರಿಕೆ. ಸುಮ್ಮನಾದಳು. ಯಾಕವ್ವಾ ಅಂತ ಕೇಳಿದೆವು.

"ಬರೂ ವರ್ಷ ಇಂಗ್ಲಿಷ್ ಸಾಲಿಗೆ ಹಾಕೂದೈತ್ರಿ. ಮನ್ಯಾಗ ಕನ್ನಡ ಮಾತಾಡಿದ್ರ ಹುಡುಗನ ನಾಲಿಗಿ ಕೆಡ್ತೈತಿ ಅಂತ ಹೇಳ್ಯಾರ" ಅಂದಳು.

ಒಳಗಿನಿಂದ ಆಯಿಯ ದನಿ ಬಂತು: "ಮೊಮ್ಮಗನ ಕೂಡ ಮಾತಾಡಬ್ಯಾಡ ಅಂತಾರಪ್ಪ. ನಾಲಿಗಿ ಇದ್ದೂ ನನ್ನ ಮೂಕಿ ಮಾಡ್ಯಾರ."

ಈ ಎರಡು ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಇದು ಒಂದು ಮನೆಯ ಕತೆಯಲ್ಲ. ತಿಕೋಟಾದಲ್ಲಿ ಕಂಡದ್ದನ್ನು ನಾವು ಬಬಲೇಶ್ವರದಲ್ಲಿ ಕಂಡಿದ್ದೇವೆ, ವಿಜಯಪುರ ನಗರದ ಕೇರಿಗಳಲ್ಲೂ ಕಂಡಿದ್ದೇವೆ. ಆದ್ದರಿಂದ ನಮ್ಮ ನಿಲುವನ್ನು ಬಿಚ್ಚಿ ಹೇಳುತ್ತೇವೆ. ನಮ್ಮ ಕೂಸುಗಳಿಗೆ ಇಂಗ್ಲಿಷು ಬೇಕು. ಅದು ಸಾಲಿಯ ಮೆಟ್ಟಿಲು ಹತ್ತುವ ಮೊದಲೇ ಮನೆಯಲ್ಲಿ ಕಿವಿಗೆ ಬೀಳಬೇಕು. ಆದರೆ ಅದಕ್ಕಾಗಿ ಅವ್ವನ, ಆಯಿಯ ಬಾಯಿ ಕಟ್ಟಬಾರದು. ಇಂಗ್ಲಿಷು ತರುವ ಹೊಣೆ ಕೂಲಿ ಮಾಡಿ ದಣಿದು ಬರುವ ಆ ಅವ್ವನದಲ್ಲ. ಹಾಸ್ಟೆಲಿನಲ್ಲಿ ಉಂಡು ಓದುತ್ತಿರುವ ನಮ್ಮದು, ನಿಮ್ಮದು.

ಆಸೆ ತಪ್ಪಲ್ಲ

ಆ ತಾಯಿಯ ಇಂಗ್ಲಿಷ್ ಕೇಳಿ ನಗುವವರು ಇದ್ದಾರೆ. ನಗುವ ಮೊದಲು ಇತಿಹಾಸ ಓದಿಕೊಳ್ಳಲಿ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು, ಇಂಗ್ಲಿಷಿನ ತಿಳಿವಳಿಕೆ ಬೇಕು ಎಂದರು. ಏನಾಯಿತು? ನಾಡಿನ ತುಂಬ ಗಲಾಟೆ. ಹಾಸ್ಟೆಲಿನ ದಲಿತ ಹುಡುಗರ ಮೇಲೆ ಹಲ್ಲೆ. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ದಲಿತ ಸಂಘರ್ಷ ಸಮಿತಿ ಮೈ ತಳೆದದ್ದು ಆ ಕಾವಿನಲ್ಲೇ. ಅಂದರೆ ಯಾವ ಭಾಷೆ ಯಾರಿಗೆ ಎಂಬ ಪ್ರಶ್ನೆ ನಮ್ಮ ಚಳವಳಿಯ ಹುಟ್ಟಿನಲ್ಲೇ ಇದೆ. ಅದು ಪಂಡಿತರ ಚರ್ಚೆಯಲ್ಲ, ಏಟು ತಿಂದವರ ಪ್ರಶ್ನೆ.

ಆಮೇಲೆ ಏನಾಯಿತು ನೋಡಿರಿ. 1994ರಲ್ಲಿ ಸರಕಾರ, ಒಂದರಿಂದ ನಾಲ್ಕನೆಯ ತನಕ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮ ಎಂದು ಆದೇಶ ಮಾಡಿತು. ಖಾಸಗಿ ಶಾಲೆಗಳ ಆಡಳಿತದವರು ಕೋರ್ಟಿಗೆ ಹೋದರು. ವರ್ಷಗಟ್ಟಲೆ ಕೇಸು ನಡೆದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. 2019-20ರಲ್ಲಿ ಸರಕಾರವೇ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಇಷ್ಟೆಲ್ಲ ನಡೆಯುವಾಗ ವೇದಿಕೆಯ ಮೇಲೆ ಮಾತೃಭಾಷೆಯ ಬಗ್ಗೆ ಕಣ್ಣೀರು ಹಾಕಿದ ಎಷ್ಟು ಮಂದಿ ತಮ್ಮ ಮಕ್ಕಳನ್ನು ಕನ್ನಡ ಸಾಲಿಯಲ್ಲಿ ಓದಿಸಿದರು? ಕೇಳಿದರೆ ಸಿಟ್ಟು ಬರುತ್ತದೆ.

ಉಳ್ಳವರ ಮನೆಯಲ್ಲಿ ಇಂಗ್ಲಿಷು ಸಾಲಿಯಿಂದ ಬರುವುದಿಲ್ಲ, ಮನೆಯಲ್ಲೇ ಇರುತ್ತದೆ. ಅಪ್ಪ ಪೇಪರು ಓದುತ್ತಾನೆ. ಬೆಂಗಳೂರಿನ ಚಿಕ್ಕಮ್ಮ ಫೋನಿನಲ್ಲಿ ಮಾತಾಡುತ್ತಾಳೆ. ಮಲಗುವಾಗ ಚಿತ್ರದ ಪುಸ್ತಕ ಬರುತ್ತದೆ. ಸಾಲಿಗೆ ಹೋಗುವ ದಿನಕ್ಕೆ ಆ ಮಗುವಿಗೆ ಇಂಗ್ಲಿಷು ಗುರುತಿನ ಮನುಷ್ಯ. ನಮ್ಮ ಮಗುವಿಗೆ ಅದು ಪೊಲೀಸಿನವನಂತೆ ಎದುರಾಗುತ್ತದೆ. ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸಿಗೆ ಬಂದವರಿಗೆ ನಾವು ವಿವರಿಸಬೇಕಾಗಿಲ್ಲ. ಮೊದಲ ವಾರ ಕ್ಲಾಸಿನಲ್ಲಿ ಕುಂತು ಲೆಕ್ಚರರ ಬಾಯಿ ಅಲುಗಾಡುವುದನ್ನಷ್ಟೇ ನೋಡಿದವರು ನಾವು. ಎಷ್ಟು ಗೆಳೆಯರು ಸೈನ್ಸ್ ಬಿಟ್ಟು ಆರ್ಟ್ಸಿಗೆ ಬಂದರು, ಎಷ್ಟು ಮಂದಿ ಕಾಲೇಜನ್ನೇ ಬಿಟ್ಟು ಊರಿಗೆ ಹೋದರು! ಅವರು ದಡ್ಡರಾಗಿದ್ದರೆ? ಅಲ್ಲ. ಅವರಿಗೆ ಆ ಭಾಷೆ ತೀರಾ ತಡವಾಗಿ ಬಂತು.

ಆದ್ದರಿಂದ ತಿಕೋಟಾದ ಆ ತಾಯಿಯ ಆಸೆ ನ್ಯಾಯವಾದದ್ದು. ಆಕೆಗೆ ತೋರಿಸಿದ ದಾರಿ ಮಾತ್ರ ತಪ್ಪು.

ಹುಕುಮಿನ ಭಾಷೆ

ಬಾ, ಕೂಡು, ತಿನ್ನು, ಅಳಬೇಡ. ಇವು ಹುಕುಮುಗಳು. ನಮ್ಮ ಮುತ್ಯಾಗಳು ಗೌಡರ ಅಂಗಳದಲ್ಲಿ ನಿಂತು ಕೇಳಿದ್ದೂ ಇಂಥ ಮಾತುಗಳನ್ನೇ. ಹುಕುಮು ಕೇಳಿ ಬೆಳೆದವನಿಗೆ ತಲೆ ತಗ್ಗಿಸುವುದು ಬರುತ್ತದೆ, ಮಾತು ಬರುವುದಿಲ್ಲ. ಮಾತು ಬರುವುದು ಪ್ರಶ್ನೆ ಕೇಳಿದಾಗ, ಉತ್ತರ ಸಿಕ್ಕಾಗ, ಜಗಳಾಡಿದಾಗ, ಕತೆ ಕೇಳಿದಾಗ, ಸುಳ್ಳು ಹೇಳಿ ಸಿಕ್ಕಿಬಿದ್ದಾಗ. ಆ ಹುಡುಗ ಕೋಳಿ ಮರಿಯ ಬಗ್ಗೆ ಕೇಳಿದ್ದಕ್ಕೆ ಅವ್ವ ತನ್ನ ಮಾತಿನಲ್ಲಿ ಹೇಳಿದ್ದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತಿತ್ತು. ಅದು ಅಲ್ಲೇ ಸತ್ತಿತು. ಇಂಗ್ಲಿಷು ಬರಲಿಲ್ಲ, ಇದ್ದ ಭಾಷೆಯೂ ಬೆಳೆಯಲಿಲ್ಲ. ಎರಡೂ ಕಡೆ ಲುಕ್ಸಾನು.

ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿನ ತಲೆ ಕೆಡುತ್ತದೆ ಎಂದು ಹಿಂದೆ ವಿದೇಶದ ಪಂಡಿತರೂ ನಂಬಿದ್ದರು. 1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಎಂಬಿಬ್ಬರು ಹತ್ತು ವರ್ಷದ ಮಕ್ಕಳನ್ನು ಪರೀಕ್ಷೆ ಮಾಡಿದರು. ಫ್ರೆಂಚು, ಇಂಗ್ಲಿಷು ಎರಡೂ ಬಲ್ಲ ಮಕ್ಕಳು ಒಂದೇ ಭಾಷೆಯವರಿಗಿಂತ ಮುಂದಿದ್ದರು. ಅದೇ ಲ್ಯಾಂಬರ್ಟ್ ಮುಂದೆ ಇನ್ನೊಂದು ಮುಖ್ಯ ಮಾತು ಹೇಳಿದ. ಎರಡನೆಯ ಭಾಷೆ ಎರಡು ರೀತಿ ಬರುತ್ತದೆ. ಒಂದು, ಇದ್ದದ್ದರ ಜೊತೆ ಕೂಡಿಕೊಂಡು ಬರುತ್ತದೆ. ಇನ್ನೊಂದು, ಇದ್ದದ್ದನ್ನು ಕಳೆಯುತ್ತ ಬರುತ್ತದೆ. ಕೂಡುವ ಲೆಕ್ಕ, ಕಳೆಯುವ ಲೆಕ್ಕ ಎಂದು ಇಟ್ಟುಕೊಳ್ಳಿರಿ. ಬಲಶಾಲಿಗಳ ಮಕ್ಕಳಿಗೆ ಸಾಮಾನ್ಯವಾಗಿ ಕೂಡುವ ಲೆಕ್ಕ. ಕೆಳಗೆ ಇಟ್ಟವರ ಮಕ್ಕಳಿಗೆ ಕಳೆಯುವ ಲೆಕ್ಕ.

ಕೆನಡಾ ದೂರವಾಯಿತು ಎನ್ನುವವರಿಗೆ ಒಡಿಶಾದ ಮಾತು ಹೇಳುತ್ತೇವೆ. ಅಲ್ಲಿನ ಕಂಧಮಾಲ ಸೀಮೆಯ ಕೊಂಧ ಆದಿವಾಸಿಗಳಲ್ಲಿ ಕೆಲವು ಊರಿನವರು ತಮ್ಮ ಕುಯಿ ಭಾಷೆ ಉಳಿಸಿಕೊಂಡು ಒಡಿಯಾ ಕಲಿತಿದ್ದರು. ಕೆಲವು ಊರಿನವರು ಕುಯಿ ಮರೆತು ಒಡಿಯಾ ಒಂದನ್ನೇ ಆಡುತ್ತಿದ್ದರು. ಜನ ಅವರೇ, ಬಡತನ ಅದೇ. ಮನಃಶಾಸ್ತ್ರಜ್ಞ ಅಜಿತ್ ಮೊಹಾಂತಿ ಎರಡೂ ಕಡೆಯ ಮಕ್ಕಳನ್ನು ಹೋಲಿಸಿ ನೋಡಿದಾಗ, ಎರಡು ಭಾಷೆ ಇಟ್ಟುಕೊಂಡವರೇ ಬುದ್ಧಿಯ ಪರೀಕ್ಷೆಗಳಲ್ಲಿ ಮುಂದೆ ಬಂದರು. ಮನೆಯ ಭಾಷೆ ಬಿಟ್ಟುಕೊಟ್ಟವರಿಗೆ ಅದರಿಂದ ಲಾಭವೇನೂ ಆಗಿರಲಿಲ್ಲ.

ನಮ್ಮ ಓಣಿಯೇ ಸಾಕ್ಷಿ

ಅಷ್ಟು ದೂರ ಹೋಗುವುದೂ ಬೇಡ. ವಿಜಯಪುರದ ಓಣಿಗಳಲ್ಲಿ ಸಂಜೆ ಹೊತ್ತು ಅಡ್ಡಾಡಿರಿ. ಕೇರಿಯ ಹುಡುಗ ಅವ್ವನ ಕೂಡ ಕನ್ನಡ ಆಡುತ್ತಾನೆ, ಪಕ್ಕದ ಓಣಿಯ ಸಾಬರ ಹುಡುಗರ ಕೂಡ ಗೋಲಿ ಆಡುತ್ತ ದಖನಿಯಲ್ಲಿ ಜಗಳ ತೆಗೆಯುತ್ತಾನೆ. ಈ ಊರಲ್ಲಿ ಇದು ಇಂದಿನದಲ್ಲ. ಇಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹಿಯೇ ದಖನಿಯಲ್ಲಿ ಕಿತಾಬೆ ನವರಸ ಬರೆದವನು. ತಿಕೋಟಾದಿಂದ ಪಡುವಣಕ್ಕೆ ಹೋದರೆ ಮಹಾರಾಷ್ಟ್ರದ ಜತ್ತ ತಾಲೂಕು. ಅಲ್ಲಿ ಬೀಗರಿದ್ದವರ ಮಕ್ಕಳು ಮರಾಠಿ ಹಿಡಿದುಕೊಂಡು ಬರುತ್ತಾರೆ. ತಾಂಡಾದ ಲಂಬಾಣಿ ಮಗು ಮನೆಯಲ್ಲಿ ಗೋರ್ ಬೋಲಿ, ಹೊರಗೆ ಕನ್ನಡ. ದುಡಿಯಲು ಗೋವಾಕ್ಕೆ, ಸಾಂಗಲಿ ಕೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋದವರ ಮಕ್ಕಳು ಆ ಊರಿನ ಮಾತು ಕಲಿತು ಅಪ್ಪನಿಗೆ ಅಂಗಡಿಯಲ್ಲಿ ದುಭಾಷಿ ಆಗುತ್ತಾರೆ.

ಇವರಿಗೆ ಯಾವ ಮಾಸ್ತರ ಕಲಿಸಿದ? ಯಾವ ಫೀ ಕಟ್ಟಿದರು? ಒಬ್ಬ ಮಗುವಿನ ನಾಲಿಗೆಯೂ ಕೆಡಲಿಲ್ಲ. ಮಾತಾಡುವ ಮನುಷ್ಯರಿದ್ದರು, ಆಟವಿತ್ತು, ಗರಜು ಇತ್ತು. ಈ ಮೂರು ಇದ್ದರೆ ಕೂಸು ಯಾವ ಭಾಷೆಯನ್ನಾದರೂ ಹಿಡಿಯುತ್ತದೆ. ಇಂಗ್ಲಿಷು ಬಾರದಿರುವುದು ನಮ್ಮ ಮಕ್ಕಳ ತಲೆಯ ದೋಷವಲ್ಲ. ನಮ್ಮ ಕೇರಿಯಲ್ಲಿ ಇಂಗ್ಲಿಷಿಗೆ ಮನುಷ್ಯರಿಲ್ಲ, ಆಟವಿಲ್ಲ, ಅಷ್ಟೇ.

ಹಾಗಾದರೆ ಮೊಬೈಲು ಇದೆಯಲ್ಲ ಅನ್ನುತ್ತಾರೆ. ಕೂಸಿನ ಕೈಗೆ ಫೋನು ಕೊಟ್ಟು ಇಂಗ್ಲಿಷ್ ಕಾರ್ಟೂನು ಹಚ್ಚಿದರೆ ತಾನೇ ಬರುತ್ತದಂತೆ. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿ ನೋಡಿದರು. ಕೆಲವು ಕೂಸುಗಳ ಮುಂದೆ ಮನುಷ್ಯರೇ ಕುಂತು ಆಡಿಸಿ ಮಾತಾಡಿದರು. ಕೆಲವಕ್ಕೆ ಅದೇ ಮಾತು ಟಿವಿಯಲ್ಲಿ ತೋರಿಸಿದರು. ಮನುಷ್ಯರ ಬಾಯಿಂದ ಕೇಳಿದ ಕೂಸುಗಳು ಆ ಭಾಷೆಯ ಸಪ್ಪಳಗಳನ್ನು ಗುರುತು ಹಿಡಿದವು. ಟಿವಿ ನೋಡಿದವು ಏನೂ ಕಲಿಯಲಿಲ್ಲ. ಕೂಸು ಮನುಷ್ಯರ ಮುಖ ನೋಡಿ ಕಲಿಯುತ್ತದೆ. ಫೋನು ಅದರ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮ ಮಕ್ಕಳಿಗೆ ಎರಡನೆಯ ಭಾಷೆ ಎಂದರೆ ಇಂಗ್ಲಿಷು ಮಾತ್ರವಲ್ಲ. ಪುಸ್ತಕದ ಕನ್ನಡವೂ ಎರಡನೆಯದೇ. ಮನೆಯಲ್ಲಿ "ಐತಿ" ಎಂದ ಮಗುವಿಗೆ ಸಾಲಿಯಲ್ಲಿ "ಇದೆ" ಎನ್ನು ಎಂದು ಬೆತ್ತ ತೋರಿಸುತ್ತಾರೆ. "ಮನ್ಯಾಗ" ತಪ್ಪು, "ಮನೆಯಲ್ಲಿ" ಸರಿ. ನಮ್ಮ ಮಾತು ತಪ್ಪಲ್ಲ, ಅದು ಬೇರೆ. ತಪ್ಪು ಎಂದು ಹೇಳಿಸಿಕೊಂಡ ಮಗು ಬಾಯಿ ಮುಚ್ಚುತ್ತದೆ. ಬೇರೆ ಎಂದು ಹೇಳಿಸಿಕೊಂಡ ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ. ಇದನ್ನು ಮನೆಯವರೇ ಹೇಳಿಕೊಡಬೇಕು.

ರಾಮ್‌ಜಿ ಸಕ್ಪಾಳರ ಕೋಣೆ

ನಮಗೆ ಮಾದರಿ ಬೇಕಾದರೆ ಹೊರಗೆ ಹುಡುಕಬೇಕಾಗಿಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಳರು ಸೈನ್ಯದಲ್ಲಿ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಕಲಿಸಿದವರು. ಮನೆಯ ಮಾತು ಮರಾಠಿ. ಮನೆಯಲ್ಲಿ ದಿನವೂ ಭಜನೆ, ಕಬೀರರ ಪದಗಳು. ಅದೇ ಮನೆಯಲ್ಲಿ ಅಪ್ಪ ಮಗನನ್ನು ಕೂಡಿಸಿಕೊಂಡು ಇಂಗ್ಲಿಷ್ ಓದಿಸಿದರು, ಮರಾಠಿಯಿಂದ ಇಂಗ್ಲಿಷಿಗೆ ತರ್ಜುಮೆ ಮಾಡಿಸಿದರು. ಮುಂಬೈಯ ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಓದಲು ಜಾಗವಿಲ್ಲ. ಮಗನನ್ನು ಬೇಗ ಮಲಗಿಸಿ, ತಾವು ಎಚ್ಚರವಿದ್ದು, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂಡಿಸಿ ತಾವು ಮಲಗುತ್ತಿದ್ದರು. ಪುಸ್ತಕಕ್ಕೆ ದುಡ್ಡಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಹೋಗಿ ಅವರ ಒಡವೆ ಇಸಕೊಂಡು ಒತ್ತೆ ಇಟ್ಟರು.

ಹೊರಗೆ ಏನಿತ್ತು? ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಭೀಮರಾಯರಿಗೆ ಎರಡನೆಯ ಭಾಷೆಯಾಗಿ ಸಂಸ್ಕೃತ ಕಲಿಯಲು ಬಿಡಲಿಲ್ಲ. ಅಸ್ಪೃಶ್ಯರಿಗೆ ಅದು ಇಲ್ಲ ಎಂದರು. ಪರ್ಷಿಯನ್ ತಗೊಳ್ಳಬೇಕಾಯಿತು. ಸಾಲಿ ಒಂದು ಭಾಷೆಯ ಬಾಗಿಲು ಹಾಕಿತು. ಮನೆ ಇನ್ನೊಂದರ ಬಾಗಿಲು ತೆರೆಯಿತು.

ಆಮೇಲೆ ಬಾಬಾಸಾಹೇಬರು ಏನು ಮಾಡಿದರು? ಇಂಗ್ಲಿಷು ಬಂತೆಂದು ಮರಾಠಿ ಬಿಟ್ಟರೆ? 1920ರಲ್ಲಿ ಮೂಕನಾಯಕ, 1927ರಲ್ಲಿ ಬಹಿಷ್ಕೃತ ಭಾರತ. ಎರಡೂ ಮರಾಠಿ. ಜನರನ್ನು ಎಬ್ಬಿಸಲು ಜನರ ಮಾತು. ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ವಾದಿಸಲು, ಜಾತಿ ವಿನಾಶದ ಭಾಷಣ ಬರೆಯಲು ಇಂಗ್ಲಿಷು. ಅವರದು ಕೂಡುವ ಲೆಕ್ಕ.

ಈ ಕತೆಯಲ್ಲಿ ನಾವು ಮರೆಯುವ ಮಾತು ಒಂದಿದೆ. ಒತ್ತೆ ಹೋದದ್ದು ಅಕ್ಕಂದಿರ ಒಡವೆ. ಇಂದು ನಮ್ಮ ಮನೆಗಳಲ್ಲಿ ಏನು ನಡೆದಿದೆ? ಮಗ ಇಂಗ್ಲಿಷ್ ಸಾಲಿಗೆ, ಮಗಳು ಸರಕಾರಿ ಸಾಲಿಗೆ. ತಮ್ಮನ ಫೀ ಕಟ್ಟಲು ಅಕ್ಕ ಪಡಕ್ಕೆ ಕೂಲಿ ಹೋಗುತ್ತಾಳೆ. ಜೈಭೀಮ್ ಎನ್ನುವ ಮನೆಯಲ್ಲೂ ಇದು ಇದೆ. ಇಂಗ್ಲಿಷ್ ತಂದರೆ ಅಕ್ಕ ತಮ್ಮ ಇಬ್ಬರಿಗೂ ತರಬೇಕು. ಇಲ್ಲದಿದ್ದರೆ ಮನೆಯೊಳಗೇ ಇನ್ನೊಂದು ಜಾತಿ ಹುಟ್ಟಿಸಿದಂತೆ.

2010ರಲ್ಲಿ ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ ಚಂದ್ರಭಾನ್ ಪ್ರಸಾದರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಅವರ ಕಳಕಳಿ ನಮಗೆ ಅರ್ಥವಾಗುತ್ತದೆ. ಆದರೆ ಗುಡಿ ಕಟ್ಟಿದರೆ ಪೂಜಾರಿ ಬರುತ್ತಾನೆ. ನಮಗೆ ಬೇಕಾದದ್ದು ದೇವಿಯಲ್ಲ. ಸಂಜೆ ಒಂದು ತಾಸು ಕೂಸಿನ ಮುಂದೆ ಕುಂತು ಮಾತಾಡುವ ಅಣ್ಣ, ಅಕ್ಕ.

ನಾವು ಮಾಡಬೇಕಾದ್ದು

ಬಬಲೇಶ್ವರದ ಕಡೆಯ ಒಬ್ಬ ಹಾಸ್ಟೆಲ್ ಹುಡುಗಿ, ಬಿ.ಎ. ಎರಡನೆಯ ವರ್ಷ, ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿದಳು. ಸಂಜೆ ಕಟ್ಟೆಯ ಮೇಲೆ ತಂಗಿಯನ್ನೂ ಓಣಿಯ ಸಣ್ಣ ಹುಡುಗರನ್ನೂ ಕೂಡಿಸಿಕೊಂಡು ಕಾಗೆ ನರಿಯ ಕತೆ ಹೇಳಿದಳು. ಮೊದಲು ನಮ್ಮ ಮಾತಿನಲ್ಲಿ. ಮರುದಿನ ಅದೇ ಕತೆ ಇಂಗ್ಲಿಷಿನಲ್ಲಿ, ಕೈ ಬಾಯಿ ಆಡಿಸುತ್ತ. ಕತೆ ಗೊತ್ತಿದ್ದುದರಿಂದ ಮಕ್ಕಳಿಗೆ ಇಂಗ್ಲಿಷು ದಾರಿ ತಪ್ಪಿಸಲಿಲ್ಲ. ಆಯಿಯೂ ಬಂದು ಕುಂತು ಕಾಗೆಯ ಹೆಸರನ್ನು ತನ್ನ ಬಾಯಿಗೆ ಬಂದಂತೆ ಅಂದಳು, ಎಲ್ಲರೂ ನಕ್ಕರು, ಆಯಿಯೂ ನಕ್ಕಳು. ಎರಡು ತಿಂಗಳಲ್ಲಿ ಆ ಮಕ್ಕಳು ಪಂಡಿತರಾಗಲಿಲ್ಲ. ಆದರೆ ಇಂಗ್ಲಿಷಿನ ಹೆದರಿಕೆ ಹೋಯಿತು. ಅದು ಸಣ್ಣ ಮಾತಲ್ಲ.

ಅವಳಿಂದ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ.

ಒಂದು: ಅವ್ವ, ಆಯಿ, ಮುತ್ಯಾ ತಮ್ಮ ಮಾತಿನಲ್ಲೇ ಮಾತಾಡಲಿ, ಹೊಟ್ಟೆ ತುಂಬ ಮಾತಾಡಲಿ. ಮನೆಯಲ್ಲಿ ಕನ್ನಡ ಆಡಬೇಡ ಎಂದು ಯಾರಾದರೂ ಹೇಳಿದರೆ ನೇರವಾಗಿ ಎದುರು ಮಾತಾಡಿರಿ.

ಎರಡು: ಇಂಗ್ಲಿಷಿಗೆ ಒಂದು ಹೊತ್ತು, ಒಬ್ಬ ಮನುಷ್ಯ ಗೊತ್ತಾಗಿರಲಿ. ದಿನಕ್ಕೆ ಒಂದು ತಾಸು. ಆ ಹೊತ್ತಿನಲ್ಲಿ ಆಟ, ಎಣಿಕೆ, ಹಾಡು, ಕತೆ. ಹುಕುಮು ಬೇಡ, ಬೆತ್ತ ಬೇಡ, ಪರೀಕ್ಷೆ ಬೇಡ.

ಮೂರು: ಕೂಸು ಕನ್ನಡದಲ್ಲಿ ಉತ್ತರ ಕೊಟ್ಟರೆ ಕೊಡಲಿ. ಎರಡೂ ಬೆರೆಸಿ ಆಡಿದರೆ ಆಡಲಿ. ಬಹಳ ದಿನ ಬರೀ ಕೇಳಿಸಿಕೊಂಡು ಸುಮ್ಮನಿದ್ದರೂ ಗಾಬರಿ ಬೇಡ. ಮೊದಲು ಕಿವಿ ತುಂಬಬೇಕು, ಆಮೇಲೆ ಬಾಯಿ ಬಿಚ್ಚುತ್ತದೆ. ಎಬಿಸಿಡಿ ಬರೆಸುವ ಅವಸರ ಬೇಡವೇ ಬೇಡ.

ನಾಲ್ಕು: ಪುಸ್ತಕದ ಕನ್ನಡವನ್ನೂ ಮರೆಯಬೇಡಿರಿ. ಒಂದು ಕನ್ನಡ ಕತೆ ಪುಸ್ತಕ ಗಟ್ಟಿಯಾಗಿ ಓದಿ ಹೇಳಿರಿ. ಅಪ್ಪ ಅವ್ವ ಓದು ಬಾರದವರಾದರೆ ಅವರೂ ಕೇಳುತ್ತಾರೆ.

ಐದು: ಹೆಣ್ಣು ಮಗುವನ್ನು ಮೊದಲ ಸಾಲಿನಲ್ಲಿ ಕೂಡಿಸಿರಿ.

ನಮ್ಮ ಇಂಗ್ಲಿಷೇ ಹರಕು, ನಾವೇನು ಕಲಿಸೋಣ ಎಂದು ಹಾಸ್ಟೆಲಿನ ಹುಡುಗರು ಕೇಳುತ್ತಾರೆ. ನಿಜ, ನಮ್ಮದು ಹರಕೇ. ಆದರೆ ಹರಕು ಕೌದಿಯೂ ಚಳಿಗೆ ಆಗುತ್ತದೆ. ಗೊತ್ತಿದ್ದಷ್ಟು ಮಾತಾಡಿರಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ ಮಗುವಿನ ಮುಂದೆಯೇ ಡಿಕ್ಷನರಿ ತೆರೆಯಿರಿ. ದೊಡ್ಡವರೂ ಕಲಿಯುತ್ತಾರೆ ಎಂಬುದನ್ನು ಮಗು ನೋಡಲಿ. ಮಗುವಿಗೆ ಕಲಿಸುವ ನೆಪದಲ್ಲಿ ನಿಮ್ಮ ನಾಲಿಗೆಯೂ ಸಡಿಲಾಗುತ್ತದೆ. ಇಂಟರ್‌ವ್ಯೂದಲ್ಲಿ ಕಟ್ಟಿಹೋಗುವ ಆ ನಾಲಿಗೆ!

ಇಷ್ಟು ಹೇಳಿ ಸರಕಾರವನ್ನು ಬಿಟ್ಟುಬಿಡುವುದಿಲ್ಲ. ಅಂಗನವಾಡಿಯಲ್ಲಿ ಕತೆ ಪುಸ್ತಕ ಬೇಕು, ಕೇರಿಗೊಂದು ಓದುವ ಕೋಣೆ ಬೇಕು, ಸರಕಾರಿ ಸಾಲಿಯಲ್ಲಿ ಇಂಗ್ಲಿಷು ನಿಜವಾಗಿ ಬಲ್ಲ ಮಾಸ್ತರು ಬೇಕು. ಇದಕ್ಕಾಗಿ ಹೋರಾಟ ನಡೆಯಲೇಬೇಕು. ಆದರೆ ಹೋರಾಟ ಮುಗಿಯುವ ತನಕ ಕೂಸು ಕಾಯುವುದಿಲ್ಲ. ಮೂರು ವರ್ಷದ ಹುಡುಗ ಮುಂದಿನ ಮೆರವಣಿಗೆಯ ಹೊತ್ತಿಗೆ ಆರು ವರ್ಷದವನಾಗಿರುತ್ತಾನೆ.

ಕೊನೆಗೆ ನಮ್ಮನ್ನೇ ಕೇಳಿಕೊಳ್ಳುವ ಒಂದು ಪ್ರಶ್ನೆ. ನಾವು ಹಾಸ್ಟೆಲಿಗೆ ಬಂದು ನಾಲ್ಕು ಇಂಗ್ಲಿಷ್ ಮಾತು ಕಲಿತೆವು. ಊರಿಗೆ ಹೋದಾಗ ಅದನ್ನು ಯಾರ ಮುಂದೆ ಆಡಿದೆವು? ಅವ್ವನಿಗೆ ತಿಳಿಯಬಾರದೆಂದು ಗೆಳೆಯನ ಕೂಡ ಫೋನಿನಲ್ಲಿ ಆಡಿದೆವೋ, ತಂಗಿಗೆ ತಿಳಿಯಲೆಂದು ಕಟ್ಟೆಯ ಮೇಲೆ ಕುಂತು ಆಡಿದೆವೋ? ಕಲಿತ ನಾವು ಕೇರಿಗೆ ತೀರಿಸಬೇಕಾದ ಸಾಲ ಇಲ್ಲಿಂದಲೇ ಶುರುವಾಗುತ್ತದೆ.

ತಿಕೋಟಾದ ಆ ಮನೆಗೆ ನಾವು ಮತ್ತೆ ಹೋಗುವವರಿದ್ದೇವೆ. ಮೊದಲು ಆಯಿಗೆ ಹೇಳುತ್ತೇವೆ: "ಆಯೀ, ಮೊಮ್ಮಗಗ ಕತಿ ಹೇಳು, ಗಟ್ಟ್ಯಾಗಿ ಹೇಳು. ಇಂಗ್ಲಿಷ್ ನಾವ್ ನೋಡ್ಕೋತೀವಿ." ನೀವೂ ನಿಮ್ಮ ಊರಿನಲ್ಲಿ ಇಂಥ ಒಂದು ಮನೆ ಹಿಡಿಯಿರಿ. ಮುಂದಿನ ಸಭೆಗೆ ಬರುವಾಗ ಏನಾಯಿತು ಎಂದು ಬಂದು ಹೇಳಿರಿ.

ಜೈಭೀಮ್.